‘ಕುತ್ತಿಗೆ–ಭುಜ ನೋವು’ ಎಂಬ ಒಂದು ಕಾಯಿಲೆ ಇಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈಚೆಗೆ ‘ಕುತ್ತಿಗೆ–ಭುಜ ನೋವಿಗೆ ಐದು ಸರಳ ವ್ಯಾಯಾಮಗಳು’ ಎಂಬ ಲೇಖನ ಪ್ರಕಟವಾಗಿತ್ತು. ಚಿತ್ರಗಳು ಚೊಕ್ಕವಾಗಿದ್ದವು, ಬರವಣಿಗೆ ತಿಳಿಯಾಗಿತ್ತು, ಬರೆದವರ ಸದುದ್ದೇಶದ ಬಗ್ಗೆಯೂ ನನಗೆ ಸಂಶಯವಿಲ್ಲ. ನನ್ನ ತಕರಾರು ಇರುವುದು ತಲೆಬರಹದ ನಡುವಿನ ಆ ಕಿರುಗೆರೆಯ ಬಗ್ಗೆ. ಕುತ್ತಿಗೆಯಿಂದ ಹುಟ್ಟುವ ನೋವನ್ನೂ ಭುಜದ ಕೀಲಿನಿಂದ ಹುಟ್ಟುವ ನೋವನ್ನೂ ಒಂದೇ ಕಾಯಿಲೆಯ ಎರಡು ತುದಿಗಳೆಂಬಂತೆ ಪೋಣಿಸಿ, ಇಬ್ಬರ ಕೈಗೂ ಒಂದೇ ಹಾಳೆ ಕೊಟ್ಟು ಕಳುಹಿಸುವ ಪದ್ಧತಿ ಚಿಕಿತ್ಸಾಲಯಗಳಲ್ಲಿಯೇ ಬೇಕಾದಷ್ಟು ಹಾನಿ ಮಾಡಿದೆ. ಅದು ಮುದ್ರಣಗೊಂಡು ಮನೆಮನೆಗೆ ಹೋಗುವಾಗ ಹಾನಿ ಇನ್ನೂ ಹಿಗ್ಗುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವ ಬಗೆಯನ್ನು ಓದುಗರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕೆನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾದರೆ ಕ್ಷಮೆಯಿರಲಿ.

ಗೊಂದಲದ ಬೇರು ನಮ್ಮ ಮಾತಿನಲ್ಲಿಯೇ ಇದೆ. ಹೆಗಲು ಎಂದರೆ ಹೊರೆ ಹೊರುವ ಜಾಗ, ಕುತ್ತಿಗೆಯ ಬುಡದಿಂದ ತೋಳಿನ ತುದಿಯವರೆಗೆ ಇಳಿಜಾರಾಗಿ ಹಬ್ಬಿದ ಮಾಂಸಲವಾದ ಭಾಗ. ಭುಜ ಎಂಬ ಸಂಸ್ಕೃತ ಪದಕ್ಕೆ ಮೂಲದಲ್ಲಿ ತೋಳು ಎಂದೇ ಅರ್ಥ. ಭುಜಬಲ ಎಂದಾಗ ನಾವು ಕೊಂಡಾಡುವುದು ತೋಳಿನ ಶಕ್ತಿಯನ್ನು. ರಟ್ಟೆ ಎಂದರೆ ಮೊಣಕೈಗಿಂತ ಮೇಲಿನ ತೋಳು. ಇಷ್ಟು ಅಚ್ಚುಕಟ್ಟಾದ ಪದಗಳಿದ್ದರೂ ನೋವು ಬಂದ ಕೂಡಲೇ ಮೂರನ್ನೂ ‘ಭುಜ’ ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ಆದ್ದರಿಂದ ‘ಭುಜ ನೋವು’ ಎಂದು ಬಂದವರ ಮಾತನ್ನು ಕೇಳಿಸಿಕೊಂಡ ಮೇಲೆ ನಾನು ಅವರ ಕೈಯನ್ನು ನೋಡುತ್ತಿದ್ದೆ. ‘ಎಲ್ಲಿ, ಮುಟ್ಟಿ ತೋರಿಸಿ’ ಎಂದರೆ ಕೈ ಸಾಮಾನ್ಯವಾಗಿ ಮೂರು ಕಡೆಗಳಲ್ಲಿ ಒಂದಕ್ಕೆ ಹೋಗುತ್ತದೆ. ಕೆಲವರು ಅಂಗೈಯಿಂದ ರಟ್ಟೆಯ ಹೊರಮೈಯನ್ನು, ಭುಜದ ತುದಿಗಿಂತ ನಾಲ್ಕು ಬೆರಳು ಕೆಳಗೆ, ಸವರಿ ತೋರಿಸುತ್ತಾರೆ. ಕೆಲವರು ಕುತ್ತಿಗೆಯ ಬುಡದ ಹೆಗಲನ್ನು ಬೆರಳುಗಳಿಂದ ಹಿಡಿದು ಹಿಂಡುತ್ತಾರೆ, ಅಥವಾ ಬೆನ್ನ ಹಿಂದೆ ಕೈ ಹಾಕಿ ಹೆಗಲೆಲುಬಿನ (ಬೆನ್ನ ಮೇಲ್ಭಾಗದ ಚಪ್ಪಟೆ ಮೂಳೆಯ) ಒಳ ಅಂಚನ್ನು ಮುಟ್ಟಲು ಹೆಣಗುತ್ತಾರೆ. ಇನ್ನು ಕೆಲವರ ಬೆರಳು ಹೆಗಲಲ್ಲಿ ಹೊರಟು ಮೊಣಕೈ ದಾಟಿ, ಮುಂಗೈ ಮೇಲೆ ಹರಿದು, ಯಾವುದೋ ಒಂದು ಬೆರಳಿನ ತುದಿಯಲ್ಲಿ ನಿಲ್ಲುತ್ತದೆ.

ಮೊದಲನೆಯವರ ನೋವು ಬಹುಮಟ್ಟಿಗೆ ಭುಜದ ಕೀಲಿನದ್ದು. ಎರಡನೆಯವರ ಮತ್ತು ಮೂರನೆಯವರ ನೋವು ಬಹುಮಟ್ಟಿಗೆ ಕುತ್ತಿಗೆಯದು. ‘ಬಹುಮಟ್ಟಿಗೆ’ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ, ಅದರ ಕಾರಣ ಮುಂದೆ ಬರುತ್ತದೆ. ವಿಚಿತ್ರವೆಂದರೆ, ಕೆಟ್ಟಿರುವ ಕೀಲು ಮೇಲಿದ್ದರೂ ನೋವು ಕಾಣಿಸಿಕೊಳ್ಳುವುದು ಕೆಳಗೆ, ರಟ್ಟೆಯ ನಡುವಿನಲ್ಲಿ. ಅಲ್ಲಿ ಎಷ್ಟು ತಿಕ್ಕಿದರೂ ಅಮುಕಿದರೂ ನೋವಿನ ಮೂಲ ಸಿಗುವುದಿಲ್ಲ. ಕುತ್ತಿಗೆಯ ಡಿಸ್ಕ್ (ಕಶೇರುಮಣಿಗಳ ನಡುವಿನ ಮೆತ್ತೆ) ಕೆಟ್ಟವರಿಗೋ, ಕುತ್ತಿಗೆಯಲ್ಲಿ ಏನೂ ಅನ್ನಿಸದೆ ಹೆಗಲೆಲುಬಿನ ಅಂಚಿನಲ್ಲಿ ಯಾರೋ ಹೆಬ್ಬೆರಳಿಟ್ಟು ಒತ್ತಿದಂತೆ ಆಗುತ್ತಿರುತ್ತದೆ. ಈ ಎರಡನೆಯ ಸಂಗತಿಯನ್ನು ನರಶಸ್ತ್ರವೈದ್ಯ ರಾಲ್ಫ್ ಕ್ಲೋವರ್ಡ್ ಅವರು 1959ರಲ್ಲಿಯೇ ಕುತ್ತಿಗೆಯ ಡಿಸ್ಕ್‌ಗಳನ್ನು ಸೂಜಿಯಿಂದ ಪ್ರಚೋದಿಸಿ ತೋರಿಸಿಕೊಟ್ಟಿದ್ದರು.

ಇದಕ್ಕೆ ಕಾರಣ ದೇಹದ ತಂತಿಜಾಲದಲ್ಲಿದೆ. ಗರ್ಭದಲ್ಲಿ ತೋಳು ಮೊಳೆಯುವುದು ಕುತ್ತಿಗೆಯ ಕೆಳಭಾಗದ ಎದುರಿನಲ್ಲಿ. ಬೆಳೆಯುತ್ತಾ ದೂರ ಸರಿದರೂ ಅದು ತನ್ನ ನರಗಳನ್ನು ಹುಟ್ಟಿದ ಜಾಗದಿಂದಲೇ ಎಳೆದುಕೊಂಡು ಹೋಗಿರುತ್ತದೆ. ಭುಜದ ಕೀಲಿಗೆ ಸಂವೇದನೆ ಒದಗಿಸುವ ನರಗಳು ಮುಖ್ಯವಾಗಿ ಕುತ್ತಿಗೆಯ 5 ಮತ್ತು 6ನೆಯ ನರಬೇರುಗಳಿಂದ, ಅಂದರೆ ಬೆನ್ನುಹುರಿಯಿಂದ ನರ ಹೊರಡುವ ಬುಡಗಳಿಂದ, ಬರುತ್ತವೆ. ರಟ್ಟೆಯ ಹೊರಮೈಯ ಚರ್ಮದ ಸುದ್ದಿಯೂ 5ನೆಯ ಬೇರಿನ ಮೂಲಕವೇ ಹೋಗುತ್ತದೆ. ಒಂದೇ ತಂತಿಯಲ್ಲಿ ಎರಡು ಮನೆಗಳ ಸುದ್ದಿ ಬಂದರೆ ಕರೆ ಯಾವ ಮನೆಯದೆಂದು ಮಿದುಳಿಗೆ ಹೇಗೆ ತಿಳಿಯಬೇಕು? ಅದು ಊಹಿಸುತ್ತದೆ, ಮತ್ತು ಆಗಾಗ ತಪ್ಪಾಗಿ ಊಹಿಸುತ್ತದೆ.

ಕೈ ತೋರಿಸಿದ ಜಾಗವೇ ಸಾಕ್ಷಿಯಾಗಲಾರದು ಎಂದಮೇಲೆ ಚಲನೆಯನ್ನು ಕೇಳಬೇಕು. ಇಲ್ಲಿ ಒಬ್ಬ ಮಹಿಳೆಯನ್ನು ನೆನೆಯುತ್ತೇನೆ. ಐವತ್ತರ ಆಸುಪಾಸಿನ ವಯಸ್ಸು, ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಕುತ್ತಿಗೆಗೆ ಕಾಲರ್ ಹಾಕಿಕೊಂಡು ಐದು ತಿಂಗಳಾಗಿತ್ತು. ಎಕ್ಸ್‌ರೇಯಲ್ಲಿ ‘ಸವೆತ’ ಕಂಡಿದೆ ಎಂದು ಬೇರೆಡೆ ಹೇಳಿ ಕಾಲರ್ ಕೊಟ್ಟಿದ್ದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು, ಏಕೆಂದರೆ ಕಾಗದಗಳ ಕಟ್ಟನ್ನು ಮೇಜಿನ ಮೇಲಿಡಲು ಎಡಗೈ ಚಾಚಿದಾಗ ತೋಳಿನ ಜೊತೆ ಇಡೀ ಹೆಗಲು ಕಿವಿಯ ಕಡೆಗೆ ಏರಿತ್ತು. ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಮುಂಗೈಗಳನ್ನು ಮುಂದಕ್ಕೆ ಚಾಚಿ, ಜೋಡಿ ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ ಎಂದೆ. ಬಲಗಡೆಯ ಕದ ಪೂರ್ತಿ ತೆರೆಯಿತು. ಎಡಗಡೆಯದು ತುಕ್ಕು ಹಿಡಿದ ತಿರುಗಣಿಯಂತೆ ಅಂಗೈ ಅಗಲದಷ್ಟು ಸರಿದು ನಿಂತಿತು. ನಾನೇ ಮೆಲ್ಲಗೆ ಹಿಡಿದು ತಳ್ಳಿದರೂ ಅಲ್ಲಿಂದ ಆಚೆ ಹೋಗಲಿಲ್ಲ. ಕಾಲರ್ ಬಿಚ್ಚಿಸಿ ಕುತ್ತಿಗೆಯನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಆಡಿಸಲು ಹೇಳಿದಾಗ ಐದು ತಿಂಗಳ ಬಿಗಿತವೊಂದನ್ನು ಬಿಟ್ಟರೆ ತೋಳಿನ ನೋವು ಎಳ್ಳಷ್ಟೂ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ.

ಇದು ಫ್ರೋಜನ್ ಶೋಲ್ಡರ್, ಭುಜದ ಕೀಲನ್ನು ಸುತ್ತುವರಿದ ಪೊರೆ ದಪ್ಪವಾಗಿ ಮುದುಡಿಕೊಳ್ಳುವ ಸ್ಥಿತಿ. ಅಮೆರಿಕದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ 1934ರಲ್ಲಿ ಇಟ್ಟ ಹೆಸರು ಇಂದಿಗೂ ಚಾಲ್ತಿಯಲ್ಲಿದೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಮಧುಮೇಹಿಗಳಲ್ಲಿ ಹೆಚ್ಚು. ಮೊದಲು ನೋವು, ನಂತರ ಬಿಗಿತ, ಕೊನೆಗೆ ನಿಧಾನವಾದ ಸಡಿಲಿಕೆ ಎಂಬ ಮೂರು ಹಂತಗಳನ್ನು ದಾಟಲು ಒಂದರಿಂದ ಮೂರು ವರ್ಷ ಹಿಡಿಯುವುದುಂಟು. ಇದನ್ನು ಗುರುತಿಸುವ ಕೀಲಿಕೈ ಒಂದೇ: ರೋಗಿ ತಾನಾಗಿ ಎತ್ತಲಾರದ ತೋಳನ್ನು ಬೇರೆಯವರೂ ಎತ್ತಲಾರರು, ರೋಗಿ ಹೊರಕ್ಕೆ ತಿರುಗಿಸಲಾರದ ತೋಳನ್ನು ಬೇರೆಯವರೂ ತಿರುಗಿಸಲಾರರು. ಕುತ್ತಿಗೆಯ ನರ ಎಷ್ಟೇ ಒತ್ತಿಕೊಂಡಿದ್ದರೂ ಅದು ಭುಜದ ಕೀಲಿಗೆ ಹೀಗೆ ಬೀಗ ಹಾಕುವುದಿಲ್ಲ. ಕೀಲು ಸವೆದ ಸಂಧಿವಾತದಲ್ಲಿಯೂ ಇಂಥ ಬೀಗ ಬೀಳಬಹುದು, ಅದನ್ನು ಭುಜದ ಎಕ್ಸ್‌ರೇ ತೋರಿಸಿಬಿಡುತ್ತದೆ. ಆಕೆಗೆ ಐದು ತಿಂಗಳಲ್ಲಿ ಒಮ್ಮೆಯೂ ಭುಜದ ಎಕ್ಸ್‌ರೇ ಆಗಿರಲಿಲ್ಲ. ಆಗಿದ್ದದ್ದು ಕುತ್ತಿಗೆಯದು, ಎರಡು ಸಲ.

ಆಕೆ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: ‘ಹಾಗಾದರೆ ಕುತ್ತಿಗೆಯ ಪಕ್ಕದಲ್ಲಿ ನೋಯುವುದು ಸುಳ್ಳೇ?’ ಸುಳ್ಳಲ್ಲ. ಕೀಲು ಆಡದಿದ್ದಾಗ ತೋಳೆತ್ತುವ ಕೆಲಸವನ್ನು ಹೆಗಲೆಲುಬು ತಾನೇ ವಹಿಸಿಕೊಳ್ಳುತ್ತದೆ. ಅದನ್ನು ಮೇಲಕ್ಕೆಳೆಯುವ ಸ್ನಾಯುಗಳು ಅಂಟಿಕೊಂಡಿರುವುದು ಕುತ್ತಿಗೆಗೆ. ದಿನಕ್ಕೆ ನೂರಾರು ಬಾರಿ ಹೆಗಲನ್ನು ಕಿವಿಗೇರಿಸಿದರೆ ಸಂಜೆಯ ಹೊತ್ತಿಗೆ ಅವು ದಣಿದು ಗಂಟುಗಟ್ಟಿರುತ್ತವೆ. ಅಂದರೆ ಭುಜದ ಕಾಯಿಲೆ ಕುತ್ತಿಗೆಯ ನೋವನ್ನು ತಾನೇ ಹುಟ್ಟಿಸಬಲ್ಲದು. ಅಲ್ಲಿಗೆ ಬೆಲ್ಟು, ಮುಲಾಮು, ಶಾಖ ಕೊಟ್ಟರೆ ಒಂದು ಗಂಟೆ ಹಾಯೆನಿಸುತ್ತದೆ, ಆ ಹಾಯಿಯೇ ಎಲ್ಲರನ್ನೂ ದಾರಿ ತಪ್ಪಿಸುತ್ತದೆ.

ಭುಜದ ಇನ್ನೊಂದು ದೊಡ್ಡ ಗುಂಪು ರೊಟೇಟರ್ ಕಫ್‌ನ ತೊಂದರೆಗಳದ್ದು. ನಾಲ್ಕು ಸ್ನಾಯುಗಳನ್ನು ಮೂಳೆಗೆ ಕಟ್ಟುವ ರಜ್ಜುಗಳು ಸೇರಿ ತೋಳಿನ ಮೂಳೆಯ ಗುಂಡಿನ ಮೇಲೆ ಟೋಪಿಯಂತೆ ಕುಳಿತಿರುತ್ತವೆ, ಅವುಗಳಲ್ಲಿ ಮೇಲ್ಗಡೆಯದು ಹೆಗಲೆಲುಬಿನ ಚಾಚಿನಡಿಯ ಕಿರಿದಾದ ಜಾಗದಲ್ಲಿ ಹಾದುಹೋಗುತ್ತದೆ. ಅಲ್ಲಿ ರಜ್ಜು ಕೆರಳಿದ್ದರೆ ತೋಳನ್ನು ಪಕ್ಕದಿಂದ ಎತ್ತುವಾಗ ಮೊದಮೊದಲು ಏನೂ ಆಗದೆ, ಸುಮಾರು 60 ಡಿಗ್ರಿಯಿಂದ 120 ಡಿಗ್ರಿಯ ನಡುವೆ ಚುಚ್ಚಿ, ಅದನ್ನು ದಾಟಿದ ಮೇಲೆ ಮತ್ತೆ ಸರಾಗವಾಗುತ್ತದೆ. ರಜ್ಜು ಹರಿದಿದ್ದರೆ ತಾನಾಗಿ ಎತ್ತಲಾಗದ ತೋಳನ್ನು ಇನ್ನೊಂದು ಕೈಯಿಂದ ಹಿಡಿದು ಎತ್ತಿದರೆ ಮೇಲೆ ಹೋಗುತ್ತದೆ, ಬಿಟ್ಟರೆ ಕುಸಿಯುತ್ತದೆ. ಫ್ರೋಜನ್ ಶೋಲ್ಡರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಭುಜದ ಈ ಎಲ್ಲ ಕಾಯಿಲೆಗಳಿಗೂ ಸಮಾನವಾದ ದೂರೊಂದಿದೆ: ಆ ಮಗ್ಗುಲಿಗೆ ಮಲಗಲಾಗುವುದಿಲ್ಲ, ನಿದ್ದೆಯಲ್ಲಿ ಹೊರಳಿದರೆ ಎಚ್ಚರವಾಗುತ್ತದೆ. ಅಂಗಿಯ ತೋಳು ತೂರಿಸುವುದು, ಹಿಂಜೇಬಿನಿಂದ ಏನನ್ನಾದರೂ ತೆಗೆಯುವುದು, ತಲೆ ಬಾಚುವುದು ಕಷ್ಟವಾಗುತ್ತದೆ. ಆದರೆ ಬೆರಳುಗಳು ಜೋಮು ಹಿಡಿಯುವುದು ಅಪರೂಪ.

ಇನ್ನು ಕುತ್ತಿಗೆಯ ಕಥೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದಕ್ಕೆ ಇಲ್ಲಿ ನಾನೇ ಉದಾಹರಣೆ. ಐವತ್ತನಾಲ್ಕರ ವಯಸ್ಸಿನಲ್ಲಿ ನನ್ನ ಬಲ ಹೆಗಲೆಲುಬಿನ ಒಳ ಅಂಚಿನಲ್ಲಿ ಕೊರೆಯುವ ನೋವು ಶುರುವಾಯಿತು. ದಿನವಿಡೀ ರೋಗಿಗಳ ಕೈಕಾಲು ಎತ್ತುವ ಕೆಲಸ. ಸ್ನಾಯು ಸೆಳೆದಿದೆ ಎಂದು ನಾನೇ ತೀರ್ಮಾನಿಸಿ, ಭುಜದ ವ್ಯಾಯಾಮಗಳನ್ನು ನಾನೇ ಬರೆದುಕೊಂಡು ಆರು ವಾರ ಮಾಡಿದೆ. ನೋವು ರಟ್ಟೆಯ ಹಿಂಭಾಗಕ್ಕೆ ಇಳಿಯಿತು. ಬೆಳಗ್ಗೆ ಗಡ್ಡ ಹೆರೆಯುವಾಗ ಗದ್ದ ಎತ್ತಿ ಮುಖವನ್ನು ಬಲಕ್ಕೆ ಹೊರಳಿಸಿದರೆ ಮಿಂಚು ಹೊಡೆದಂತೆ ಛಳಕು ಮಧ್ಯದ ಬೆರಳಿನವರೆಗೆ ಓಡುತ್ತಿತ್ತು. ರಾತ್ರಿ ಬಲಗೈಯನ್ನು ತಲೆಯ ಮೇಲಿಟ್ಟುಕೊಂಡರೆ ಮಾತ್ರ ನಿದ್ದೆ. ಬೇರೊಬ್ಬರು ಬಂದು ಇಷ್ಟು ಹೇಳಿದ್ದರೆ ಎರಡು ನಿಮಿಷದಲ್ಲಿ ‘ಇದು ಕುತ್ತಿಗೆ’ ಎನ್ನುತ್ತಿದ್ದೆ. ನನ್ನದೇ ಆದಾಗ ಹೊಳೆಯಲಿಲ್ಲ, ಏಕೆಂದರೆ ನನಗೆ ಕುತ್ತಿಗೆ ನೋಯುತ್ತಿರಲಿಲ್ಲ!

ಒಂದು ದಿನ ಕುರ್ಚಿಯ ಕೈಗಳ ಮೇಲೆ ಅಂಗೈ ಊರಿ ಮೇಲೇಳುವಾಗ ಬಲ ಮೊಣಕೈ ಮಡಚಿಕೊಂಡು ನಾನು ವಾಲಿದೆ. ಎದುರಿಗಿದ್ದ ಸಹೋದ್ಯೋಗಿ ಮಾತಾಡದೆ ರಬ್ಬರ್ ಸುತ್ತಿಗೆ ತಂದು ನನ್ನ ಮೊಣಕೈಗಳ ಹಿಂದೆ ತಟ್ಟಿದರು. ಎಡಗೈ ಚಿಮ್ಮಿತು. ಬಲಗೈ ಸುಮ್ಮನಿತ್ತು. ಇನ್ನೊಮ್ಮೆ, ಮತ್ತೊಮ್ಮೆ ತಟ್ಟಿದರು. ಬಲಗೈ ಸುಮ್ಮನೆಯೇ ಇತ್ತು. ಮೊಣಕೈ ನೀಡುವ ಸ್ನಾಯು ಸೋತಿರುವುದು, ಅದರ ಪ್ರತಿವರ್ತನೆ (ತಟ್ಟಿದಾಗ ತಾನಾಗಿ ಚಿಮ್ಮುವುದು) ಆರಿಹೋಗಿರುವುದು, ಮಧ್ಯದ ಬೆರಳು ಜೋಮು ಹಿಡಿಯುವುದು – ಈ ಮೂರೂ ಸೇರಿದರೆ ಅದು 7ನೆಯ ನರಬೇರಿನ ಸಹಿ. ಅದನ್ನು ನಕಲು ಮಾಡಲು ಭುಜದ ಕೀಲಿಗೆ ಬರುವುದಿಲ್ಲ.

ಈ ಸಹಿಗಳನ್ನು ಓದುವುದು ಅಷ್ಟೇನೂ ಕಷ್ಟವಲ್ಲ. ಕುತ್ತಿಗೆಯಲ್ಲಿ ಇರುವುದು 7 ಕಶೇರುಮಣಿಗಳು, ಆದರೆ ಅಲ್ಲಿಂದ ಹೊರಡುವ ನರಬೇರುಗಳು 8 ಜೊತೆ. 6ನೆಯ ಬೇರು ಒತ್ತಿಕೊಂಡರೆ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಜೋಮು, ಮಣಿಕಟ್ಟನ್ನು ಮೇಲಕ್ಕೆತ್ತುವ ಬಲ ಕಡಿಮೆ. 7ನೆಯದರ ಗುರುತನ್ನು ಈಗಷ್ಟೇ ಹೇಳಿದೆ. ಎಲ್ಲಕ್ಕಿಂತ ಹೆಚ್ಚಾಗಿ ತೊಂದರೆಗೊಳಗಾಗುವ ಬೇರೂ ಅದೇ. 8ನೆಯದಾದರೆ ಕಿರುಬೆರಳಿನ ಕಡೆ ಜೋಮು, ಹಿಡಿತ ಸಡಿಲ. ಬೆರಳಿನ ಜೋಮೆಲ್ಲವೂ ಕುತ್ತಿಗೆಯದೆಂದೂ ಅಲ್ಲ. ರಾತ್ರಿ ಎದ್ದು ಕೈ ಕೊಡವಿದರೆ ಸರಿಹೋಗುವ ಜೋಮು ಹೆಚ್ಚಾಗಿ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದರಿಂದ ಬರುತ್ತದೆ. ನಾನು ಮಾಡುತ್ತಿದ್ದಂತೆ ಕೈಯನ್ನು ತಲೆಯ ಮೇಲಿಟ್ಟರೆ ನೋವು ಇಳಿಯುವುದು ಕುತ್ತಿಗೆಯ ಪರವಾದ ಬಲವಾದ ಸಾಕ್ಷಿ, ಏಕೆಂದರೆ ಆ ಭಂಗಿಯಲ್ಲಿ ನರದ ಎಳೆತ ಸಡಿಲವಾಗುತ್ತದೆ. ಭುಜ ಕೆಟ್ಟವರು ಅದೇ ಭಂಗಿಯಲ್ಲಿ ಚೀರುತ್ತಾರೆ. ನನ್ನ ದೃಷ್ಟಿಯಲ್ಲಿ, ಸಲಕರಣೆಗಳಿಲ್ಲದೆ ಸಿಗುವ ಇಷ್ಟು ಸರಳವಾದ ಸುಳಿವು ಮತ್ತೊಂದಿಲ್ಲ.

ತಲೆಯನ್ನು ನೋವಿರುವ ಕಡೆಗೆ ಬಾಗಿಸಿ ಮೇಲಿನಿಂದ ಮೆಲ್ಲಗೆ ಒತ್ತಿದಾಗ ತೋಳಿನಲ್ಲಿ ಛಳಕು ಹರಿದರೆ ಅದು ನರಬೇರಿನ ತೊಂದರೆ ಎಂಬ ಪರೀಕ್ಷೆಯನ್ನು ಸ್ಪರ್ಲಿಂಗ್ ಮತ್ತು ಸ್ಕೋವಿಲ್ ಎಂಬ ವೈದ್ಯರು 1944ರಲ್ಲಿ ವಿವರಿಸಿದರು. ಅದು ತಿಳಿದವರು ಮಾಡಬೇಕಾದ ಪರೀಕ್ಷೆ. ಮನೆಯಲ್ಲಿ ಒಬ್ಬರ ತಲೆಯನ್ನು ಇನ್ನೊಬ್ಬರು ಒತ್ತಿನೋಡುವ ಆಟವಾಗಬಾರದು. ತಲೆಯನ್ನು ಮೆಲ್ಲಗೆ ಮೇಲಕ್ಕೆಳೆದಾಗ ನೋವು ತಗ್ಗುವುದು, ನೋವಿರುವ ಕಡೆಗೆ ಕುತ್ತಿಗೆ 60 ಡಿಗ್ರಿಗಿಂತ ಕಡಿಮೆ ತಿರುಗುವುದು, ತೋಳನ್ನು ಚಾಚಿ ನರವನ್ನು ಎಳೆದಾಗ ಛಳಕು ಬರುವುದು – ಇವು ಮೂರನ್ನು ಅದರೊಂದಿಗೆ ಸೇರಿಸಿ ನಾಲ್ಕೂ ಹೌದೆಂದರೆ ಕುತ್ತಿಗೆಯ ನರವೇ ಕಾರಣವಾಗಿರುವ ಸಂಭವ ಬಹಳ ಹೆಚ್ಚು ಎಂದು 2003ರಲ್ಲಿ ಪ್ರಕಟವಾದ ವೇಯ್ನರ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಒಂದೇ ಪರೀಕ್ಷೆಯನ್ನು ನೆಚ್ಚಬಾರದು ಎಂಬುದು ಅದರ ಒಳಗಿನ ತಿರುಳು.

ಅನುಭವಿಗಳೂ ಎಡವುವುದು 5ನೆಯ ನರಬೇರಿನಲ್ಲಿ. ಅದು ಬೆರಳುಗಳವರೆಗೆ ಹೋಗುವುದೇ ಇಲ್ಲ. ನೋವೂ ಜೋಮೂ ರಟ್ಟೆಯ ಹೊರಮೈಯಲ್ಲೇ ನಿಲ್ಲುತ್ತದೆ, ಅಂದರೆ ಭುಜದ ರೋಗಿ ಅಂಗೈಯಿಂದ ಸವರುವ ಅದೇ ಜಾಗದಲ್ಲಿ. ತೋಳೆತ್ತುವ ಬಲವೂ ಕುಂದುತ್ತದೆ, ಬೇರೆಯವರು ಎತ್ತಿದರೆ ಪೂರ್ತಿ ಹೋಗುತ್ತದೆ. ರೊಟೇಟರ್ ಕಫ್ ಹರಿದಾಗಲೂ ಕಾಣುವುದು ಇದೇ ಚಿತ್ರ. ಆಗ ಮೊಣಕೈ ಮಡಚುವ ಸ್ನಾಯುವಿನ ಬಲವನ್ನೂ ಅದರ ಪ್ರತಿವರ್ತನೆಯನ್ನೂ ನೋಡಬೇಕು. ಅವೂ ಕುಂದಿದ್ದರೆ ಸಂಶಯ ಕುತ್ತಿಗೆಯತ್ತ ತಿರುಗುತ್ತದೆ. ಹಾಗೂ ತೀರ್ಮಾನವಾಗದಿದ್ದರೆ ವೈದ್ಯರು ಭುಜದ ಚಾಚಿನಡಿಯಲ್ಲಿ ಮರಗಟ್ಟಿಸುವ ಔಷಧಿಯನ್ನು ಸ್ವಲ್ಪ ಚುಚ್ಚಿ, ಕೆಲವು ನಿಮಿಷ ಕಾದು, ಮತ್ತೆ ತೋಳೆತ್ತಿಸಿ ನೋಡುತ್ತಾರೆ. ನೋವು ಮಾಯವಾದರೆ ಮೂಲ ಅಲ್ಲೇ ಇತ್ತು. ಅರ್ಧ ಮಾತ್ರ ಇಳಿದರೆ? ಎರಡೂ ಕೆಟ್ಟಿರಬಹುದು. ವಯಸ್ಸಾದವರಲ್ಲಿ ಎರಡೂ ಜೊತೆಯಾಗಿ ಇರುವುದು ಅಪರೂಪವೇನಲ್ಲ, ನಾನು ಮೇಲೆ ‘ಬಹುಮಟ್ಟಿಗೆ’ ಎಂದದ್ದು ಇದಕ್ಕಾಗಿಯೇ. ಆದರೆ ಎರಡು ಕಾಯಿಲೆ ಒಬ್ಬರಲ್ಲಿ ಇರುವುದೂ ಎರಡನ್ನೂ ಒಂದೇ ಎನ್ನುವುದೂ ಬೇರೆಬೇರೆ ಮಾತುಗಳು.

ಈ ಹಂತದಲ್ಲಿ ಓದುಗರು ಕೇಳಬಹುದು: ಇಷ್ಟೆಲ್ಲ ಬಾಗಿಸಿ ತಿರುಗಿಸಿ ನೋಡುವುದೇಕೆ, ಒಂದು ಸ್ಕ್ಯಾನ್ ಮಾಡಿಸಿದರೆ ತಿಳಿಯುವುದಿಲ್ಲವೇ? ತಿಳಿಯುವುದಿಲ್ಲ, ಮತ್ತು ಈ ವಿಷಯದಲ್ಲಿ ಜನರಿಗಿಂತ ಹೆಚ್ಚಾಗಿ ನಮ್ಮ ವೃತ್ತಿಯವರೇ ತಪ್ಪಿತಸ್ಥರು. ಜಪಾನಿನಲ್ಲಿ ಕುತ್ತಿಗೆಯ ಯಾವ ದೂರೂ ಇಲ್ಲದ 1,211 ಮಂದಿಯ ಎಂಆರ್‌ಐ ತೆಗೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 87.6ರಷ್ಟು ಜನರ ಡಿಸ್ಕ್ ಉಬ್ಬಿಕೊಂಡಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಮಂದಿಗೆ ಅದಿತ್ತು. ಭುಜದ ಕಥೆಯೂ ಭಿನ್ನವಲ್ಲ. ಭುಜದ ನೋವೇ ಇಲ್ಲದ 96 ಮಂದಿಯನ್ನು ಪರೀಕ್ಷಿಸಿದ 1995ರ ಅಧ್ಯಯನವೊಂದರಲ್ಲಿ ಶೇ 34 ಮಂದಿಗೆ ರೊಟೇಟರ್ ಕಫ್‌ನಲ್ಲಿ ಪೂರ್ತಿಯೋ ಭಾಗಶಃವೋ ಹರಿದಿದ್ದು ಕಂಡಿತ್ತು. 60 ದಾಟಿದವರಲ್ಲಿ ಅದು ಶೇ 54. ಹೀಗಿರುವಾಗ ಫ್ರೋಜನ್ ಶೋಲ್ಡರ್ ಇರುವ ಒಬ್ಬರ ಕುತ್ತಿಗೆಯ ಸ್ಕ್ಯಾನ್ ತೆಗೆದರೆ ಏನಾದರೊಂದು ಕಂಡೇ ಕಾಣುತ್ತದೆ, ಕುತ್ತಿಗೆಯ ನರದ ರೋಗಿಯ ಭುಜದ ಸ್ಕ್ಯಾನ್‌ನಲ್ಲೂ ಹಾಗೆಯೇ. ಯಾವುದನ್ನು ತೆಗೆಯಬೇಕೆಂದು ಮೊದಲು ಕೈಯಿಂದ ಪರೀಕ್ಷಿಸಿ ತೀರ್ಮಾನಿಸದಿದ್ದರೆ, ಚಿತ್ರದಲ್ಲಿ ಕಂಡದ್ದೇ ಕಾಯಿಲೆಯಾಗಿಬಿಡುತ್ತದೆ. ‘ನನಗೆ ಸ್ಪಾಂಡಿಲೈಟಿಸ್ ಇದೆ’ ಎನ್ನುವ ಎಷ್ಟೋ ಮಂದಿಗೆ ಇರುವುದು ಕೂದಲು ನೆರೆಯುವಷ್ಟೇ ಸಹಜವಾದ ಮೂಳೆಯ ಸವೆತ, ಅದರ ಸರಿಯಾದ ಹೆಸರು ಸ್ಪಾಂಡಿಲೋಸಿಸ್. ಅದನ್ನೊಂದು ಬಿರುದಿನಂತೆ ಜೀವಮಾನವಿಡೀ ಹೊತ್ತು ತಿರುಗುವವರನ್ನು ನಾನು ಬಲ್ಲೆ.

ಕುತ್ತಿಗೆಯೂ ಅಲ್ಲದ, ಭುಜವೂ ಅಲ್ಲದ ನೋವಿನ ಬಗ್ಗೆ ನಿಮ್ಮ ಲೇಖನ ಒಂದು ಸಾಲನ್ನೂ ಬರೆಯಲಿಲ್ಲ ಎಂಬುದು ನನ್ನ ಇನ್ನೊಂದು ಅಸಮಾಧಾನ. ನಡೆದಾಗ, ಮೆಟ್ಟಿಲೇರಿದಾಗ ಬಂದು ಕುಳಿತರೆ ಇಳಿಯುವ, ಅಥವಾ ಬೆವರು, ಏದುಸಿರಿನ ಜೊತೆ ಬರುವ ಭುಜ–ತೋಳಿನ ನೋವು ಹೃದಯದ್ದಿರಬಹುದು. ಅಂಥವರು ವ್ಯಾಯಾಮದ ಚಿತ್ರ ನೋಡುತ್ತಾ ಕೂರಬಾರದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪಿತ್ತಕೋಶದ ತೊಂದರೆ ಬಲ ಹೆಗಲಿನಲ್ಲಿ ನೋವಾಗಿ ಕಾಣಿಸುವುದುಂಟು, ಏಕೆಂದರೆ ಅದು ಕೆರಳಿಸುವ ವಪೆಯ (ಎದೆ–ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಿನ) ನರವೂ ಕುತ್ತಿಗೆಯ 3, 4 ಮತ್ತು 5ನೆಯ ಬೇರುಗಳಿಂದಲೇ ಹೊರಡುತ್ತದೆ. ಇವುಗಳ ಗುರುತು ಒಂದೇ: ಕುತ್ತಿಗೆಯನ್ನು ಹೇಗೆ ಆಡಿಸಿದರೂ, ತೋಳನ್ನು ಹೇಗೆ ತಿರುಗಿಸಿದರೂ ನೋವು ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ಐವತ್ತು ದಾಟಿದವರಿಗೆ ಎರಡೂ ಭುಜಗಳು ಒಟ್ಟಿಗೆ ನೋಯತೊಡಗಿ ಬೆಳಗಿನ ಬಿಗಿತ ಮುಕ್ಕಾಲು ಗಂಟೆಗೂ ಮೀರಿದರೆ ರಕ್ತಪರೀಕ್ಷೆ ಬೇಕು. ಗುಂಡಿ ಹಾಕಲು ಬೆರಳು ತಡಕಾಡುವುದು, ನಡಿಗೆ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು, ಇವು ಕುತ್ತಿಗೆಯಲ್ಲಿ ನರಬೇರಷ್ಟೇ ಅಲ್ಲ, ಬೆನ್ನುಹುರಿಯೇ ಒತ್ತಿಕೊಂಡಿರುವ ಸೂಚನೆಗಳು. ಅಲ್ಲಿ ಕಾಯುವ ಮಾತೇ ಇಲ್ಲ.

ಇಷ್ಟೆಲ್ಲ ವ್ಯತ್ಯಾಸ ಮಾಡಿಕೊಂಡು ಆಗಬೇಕಾದ್ದೇನು, ವ್ಯಾಯಾಮ ಮಾಡಿದರೆ ಯಾರಿಗೂ ಕೆಡುಕಿಲ್ಲವಲ್ಲ ಎಂಬ ವಾದವನ್ನು ಕೇಳಿದ್ದೇನೆ. ಕೆಡುಕಿದೆ. ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ ನೋವಿರುವ ಕಡೆಗೆ ಹೊರಳಿಸಿದಾಗ ನರಬೇರು ಹೊರಬರುವ ಕಿಂಡಿ ಇನ್ನಷ್ಟು ಕಿರಿದಾಗುತ್ತದೆ. ನಿಮ್ಮ ಲೇಖನದ ಮೂರನೆಯ ಚಿತ್ರದಲ್ಲಿದ್ದ, ತಲೆಯನ್ನು ಪೂರ್ತಿ ವೃತ್ತಾಕಾರವಾಗಿ ಸುತ್ತಿಸುವ ವ್ಯಾಯಾಮ ಮಾಡಿಸುವುದು ಅದನ್ನೇ. ನನ್ನ ಬಲಗೈ ಸೋತಿದ್ದ ದಿನಗಳಲ್ಲಿ ಅದನ್ನು ಮಾಡಿದ್ದರೆ ಏನಾಗುತ್ತಿತ್ತೆಂದು ಊಹಿಸಬಲ್ಲೆ. ಐದನೆಯ ಚಿತ್ರದಲ್ಲಿ ‘ನೋವಾದರೂ ಬಿಡದೆ’ ತೋಳನ್ನು ಗೋಡೆಯ ಮೇಲೆ ಹತ್ತಿಸಲು ಹೇಳಿದ್ದಿರಿ. ಫ್ರೋಜನ್ ಶೋಲ್ಡರ್‌ನ ಮೊದಲ, ನೋವಿನ ಹಂತದಲ್ಲಿ ಬಲವಂತವಾಗಿ ಹಿಗ್ಗಿಸಿದರೆ ಕೀಲು ಇನ್ನೂ ಕೆರಳುತ್ತದೆ. ಆ ಹಂತದಲ್ಲಿ ಬೇಕಿರುವುದು ನೋವನ್ನು ತಣಿಸುವ ಉಪಾಯ, ಸಹಿಸಬಹುದಾದ ಮಿತಿಯೊಳಗಿನ ಮೆಲ್ಲನೆಯ ಚಲನೆ, ಕೆಲವರಿಗೆ ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು. ನಾನು ಹೇಳಿದ ಆ ಮಹಿಳೆಗೆ ಮೂಳೆವೈದ್ಯರು ಅದನ್ನೇ ಕೊಟ್ಟರು. ಕಾಲರ್ ಅಂದೇ ಹೋಯಿತು. ರಾತ್ರಿಯ ನಿದ್ದೆ ಕೆಲವು ವಾರಗಳಲ್ಲಿ ಮರಳಿತು, ಕೈಯನ್ನು ಬೆನ್ನ ಹಿಂದೆ ಒಯ್ಯುವುದಕ್ಕೆ ಮಾತ್ರ ವರ್ಷಕ್ಕೂ ಮೇಲಾಯಿತು.

ನನ್ನ ಕುತ್ತಿಗೆಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ನರಬೇರಿನ ನೋವು ಬಹುಪಾಲು ಜನರಲ್ಲಿ ವಾರಗಳಿಂದ ತಿಂಗಳುಗಳಲ್ಲಿ ತಾನಾಗಿ ತಗ್ಗುತ್ತದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿ 1976ರಿಂದ 1990ರವರೆಗಿನ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಕೊನೆಯ ಭೇಟಿಯ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ತೊಂದರೆ ಇರಲಿಲ್ಲ ಅಥವಾ ಅಲ್ಪವಾಗಿತ್ತು. ನಾನೂ ಆ ಒಂಬತ್ತರಲ್ಲಿ ಸೇರಿದೆ. ನೋವು ಮೂರು ತಿಂಗಳಲ್ಲಿ ಹೋಯಿತು, ಮೊಣಕೈಯ ಬಲ ಪೂರ್ತಿ ಮರಳಲು ಅದರ ಎರಡರಷ್ಟು ಕಾಲ ಹಿಡಿಯಿತು. ಆ ಮೊದಲ ಆರು ವಾರಗಳು ಮಾತ್ರ ನನ್ನದೇ ತಪ್ಪಿನಿಂದ ವ್ಯರ್ಥವಾದವು.

ಸಂಪಾದಕರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಆ ಲೇಖನಕ್ಕೊಂದು ತಿದ್ದುಪಡಿ ಪ್ರಕಟಿಸಿ, ಮೂರನೆಯ ಮತ್ತು ಐದನೆಯ ವ್ಯಾಯಾಮಗಳು ಯಾರಿಗೆ ಸಲ್ಲವೆಂದು ಸ್ಪಷ್ಟವಾಗಿ ತಿಳಿಸಿರಿ. ಈ ವಿಷಯದ ಬಗ್ಗೆ ಮತ್ತೆ ಬರೆಸುವುದಾದರೆ ಭುಜಕ್ಕೊಂದು ಪುಟ, ಕುತ್ತಿಗೆಗೊಂದು ಪುಟ ಕೊಡಿರಿ. ವ್ಯಾಯಾಮದ ಚಿತ್ರಗಳಿಗಿಂತ ಮೊದಲು, ನೋವಿರುವವರ ಕೈ ಎಲ್ಲಿಗೆ ಹೋಗುತ್ತದೆಂದು ತೋರಿಸುವ ಮೂರು ಚಿತ್ರಗಳನ್ನು ಅಚ್ಚುಹಾಕಿರಿ. ಸ್ಥಳದ ಅಭಾವವಿದ್ದರೆ ಕೈಯನ್ನು ತಲೆಯ ಮೇಲಿಟ್ಟುಕೊಂಡಿರುವ ಚಿತ್ರವೊಂದೇ ಆದರೂ ಆದೀತು; ಅದರ ಕೆಳಗೆ ‘ಹೀಗಿಟ್ಟರೆ ನೋವು ಇಳಿಯುತ್ತದೆಯೇ, ಏರುತ್ತದೆಯೇ?’ ಎಂದು ಒಂದು ಸಾಲು ಇರಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಫಿಸಿಯೋಥೆರಪಿಸ್ಟ್, ನಿಮ್ಮ ಓದುಗ